ಶಾತೋ ದ ಬೋಕಾಸ್ತೆಲ್: ದುಡ್ಡಿಗೆ ಮೋಸವಿಲ್ಲ, ಅವಸರ ಮಾತ್ರ ಸಲ್ಲದು

ದಕ್ಷಿಣ ಫ್ರಾನ್ಸಿನ ಶಾತೋನಫ್-ದ್ಯು-ಪಾಪ್ ಊರಿನ ವೈನ್ ಮಾರುವವರು ಪೋಪರ ಕಥೆಯಿಂದಲೇ ಶುರು ಮಾಡುತ್ತಾರೆ. 1309ರಿಂದ 1377ರವರೆಗೆ ಪೋಪರು ಪಕ್ಕದ ಆವಿನ್ಯೋಂನಲ್ಲಿ ನೆಲೆಸಿದ್ದು ನಿಜ. ಆದರೆ ಅಲ್ಲಿನ ಬೋಕಾಸ್ತೆಲ್ ದ್ರಾಕ್ಷಿತೋಟಕ್ಕೂ ಆ ಕಥೆಗೂ ನೇರ ನಂಟಿಲ್ಲ. ಇಲ್ಲಿನ ದಾಖಲೆ ಸಿಗುವುದೇ 1549ರಿಂದ. ಆ ವರ್ಷ ಪಿಯೇರ್ ದ ಬೋಕಾಸ್ತೆಲ್ ಎಂಬಾತ ಕೂದುಲೆ ಎಂಬಲ್ಲಿ ಒಂದು ಕೊಟ್ಟಿಗೆಯನ್ನೂ ಅದಕ್ಕೆ ಸೇರಿದ ಜಮೀನನ್ನೂ ಕೊಂಡ. ಈಗಿನ ಮನೆತನ ಬಂದದ್ದು ಇನ್ನೂ ತಡವಾಗಿ. ಬೇರು ತಿನ್ನುವ ಫಿಲಾಕ್ಸೆರಾ ಹೇನು ಈ ಸೀಮೆಯ ಬಳ್ಳಿಗಳನ್ನೆಲ್ಲ ಹಾಳುಗೆಡವಿದ ಮೇಲೆ, 1909ರಲ್ಲಿ, ಪಿಯೇರ್ ತ್ರಾಮಿಯೇ ತೋಟವನ್ನು ಕೊಂಡು ಅಳಿಯ ಪಿಯೇರ್ ಪೆರಾಂಗೆ ಬಿಟ್ಟುಕೊಟ್ಟ. ಅಲ್ಲಿಂದಾಚೆಗೆ ತೋಟ ಪೆರಾಂ ಮನೆತನದ ಕೈಯಲ್ಲೇ ಇದೆ. ಈಗ ನಡೆಸುತ್ತಿರುವುದು ಐದನೆಯ ತಲೆಮಾರು.

ಬಾಟಲಿಯ ರುಚಿಯನ್ನು ತೀರ್ಮಾನಿಸಿದವನು ಪಿಯೇರನ ಮಗ ಝಾಕ್ ಪೆರಾಂ. 1978ರವರೆಗೆ ಕೆಲಸವೆಲ್ಲ ಅವನದೇ. 1950ರಲ್ಲಿ ರಾಸಾಯನಿಕ ಗೊಬ್ಬರ, ಔಷಧಿ ಬಿಟ್ಟ. 1974ರಲ್ಲಿ, ಚಂದ್ರನ ಗತಿಯನ್ನೂ ನೋಡಿ ಮಾಡುವ ಬಯೋಡೈನಾಮಿಕ್ ಸಾವಯವ ಕೃಷಿಗೆ ಹೊರಳಿದ. ಇದಕ್ಕಿಂತ ದೊಡ್ಡದು ಅವನ ದ್ರಾಕ್ಷಿಯ ಲೆಕ್ಕಾಚಾರ. ಈ ಸೀಮೆಯ ಕಾನೂನು 13 ತಳಿಗಳಿಗೆ ಒಪ್ಪಿಗೆ ಕೊಡುತ್ತದೆ. ಒಂದೇ ತಳಿಯ ಕಪ್ಪು, ಬಿಳಿ, ಗುಲಾಬಿ ಬಗೆಗಳನ್ನು ಬೇರೆ ಬೇರೆ ಎಣಿಸಿದರೆ 18. ಬಹುಪಾಲು ಮನೆಗಳು ಗ್ರೆನಾಶ್ ಒಂದನ್ನೇ ನೆಚ್ಚಿಕೊಂಡಿವೆ. ಅದು ಬೇಗ ಸಕ್ಕರೆ ಕಟ್ಟುತ್ತದೆ, ಎಳೆಯದರಲ್ಲೇ ಹಿತವಾಗಿರುತ್ತದೆ. ಬೋಕಾಸ್ತೆಲ್‌ನಲ್ಲಿ ಹಾಗಲ್ಲ, 13 ತಳಿಗಳೂ ಇವೆ, ಕೆಂಪು ವೈನಿನಲ್ಲಿ ಗ್ರೆನಾಶ್ ನೂರಕ್ಕೆ ಸುಮಾರು 30 ಪಾಲು, ಮೂರ್ವೇದ್ರ್ ಸುಮಾರು 30 ಪಾಲು. ಉಳಿದದ್ದರಲ್ಲಿ ಸಿರಾ ಮತ್ತು ಮೆಣಸಿನ ಘಾಟಿನ ಕೂನ್ವಾಜ್ ಮುಖ್ಯ.

ಮೂರ್ವೇದ್ರ್ ಹಟಮಾರಿ ದ್ರಾಕ್ಷಿ. ತಡವಾಗಿ ಹಣ್ಣಾಗುತ್ತದೆ, ಬಿಸಿಲು ಸಾಲದಿದ್ದರೆ ಹಸಿ ಸೊಪ್ಪಿನ ವಾಸನೆ ಹೋಗುವುದಿಲ್ಲ. ಅದು ಚೆನ್ನಾಗಿ ಬೆಳೆಯುವ ಪ್ರದೇಶದ ಉತ್ತರದ ಅಂಚೇ ಇದು. ತೋಟವಿರುವುದು ಕೂರ್ತೆಝೋಂ ಊರಿನ ಬಳಿ, ಸೀಮೆಯ ಈಶಾನ್ಯಕ್ಕೆ. ಉತ್ತರದಿಂದ ಬೀಸುವ ಮಿಸ್ತ್ರಾಲ್ ಗಾಳಿ ನೇರವಾಗಿ ಹೊಡೆಯುವ ಜಾಗ. ಗಾಳಿ ಗೊಂಚಲನ್ನು ಒಣಗಿಸಿ ಬೂಷ್ಟು ತಡೆಯುತ್ತದೆ. ಆಲ್ಪ್ಸ್ ಬೆಟ್ಟಗಳಿಂದ ನೀರು ಉರುಳಿಸಿ ತಂದ ನುಣುಪು ಗುಂಡುಕಲ್ಲುಗಳು ಹಗಲಿನ ಕಾವನ್ನು ರಾತ್ರಿಗೆ ಹಿಡಿದಿಡುತ್ತವೆ. ಇಷ್ಟೆಲ್ಲ ಒದಗಿ ಬಂದರೇ ಆ ದ್ರಾಕ್ಷಿ ಹಣ್ಣಾಗುವುದು. ಕೊಯ್ಲು ಕೈಯಿಂದಲೇ ಆಗಬೇಕು, ಯಂತ್ರಕ್ಕೆ ಈ ಸೀಮೆಯ ಕಾನೂನಿನಲ್ಲಿ ಜಾಗವಿಲ್ಲ. ಹೆಕ್ಟೇರಿಗೆ 35 ಹೆಕ್ಟೋಲೀಟರ್, ಅಂದರೆ 3,500 ಲೀಟರ್ ಮಿತಿ.

ಕೊಯ್ಲಾದ ಮೇಲಿನ ಕೆಲಸ ಈ ಮನೆಯದೇ ಗುರುತು. ತೊಟ್ಟು ಬಿಡಿಸಿದ ಹಣ್ಣಿನ ಸಿಪ್ಪೆಗೆ ಕೆಲವೇ ಕ್ಷಣ 80 ಡಿಗ್ರಿ ಕಾವು ಕೊಟ್ಟು, ತಕ್ಷಣ 20 ಡಿಗ್ರಿಗೆ ಇಳಿಸುತ್ತಾರೆ. ಹೆಚ್ಚಿದ ಬದನೆಕಾಯಿಯನ್ನು ಕಪ್ಪಾಗಿಸುವಂಥ ಕಿಣ್ವಗಳು ದ್ರಾಕ್ಷಿಯಲ್ಲೂ ಇವೆ; ಆ ಕಾವಿಗೆ ಅವು ಸಾಯುತ್ತವೆ. ಹಾಗಾಗಿ ವೈನ್ ಕೆಡದಂತೆ ಹಾಕುವ ಗಂಧಕ ಕಡಿಮೆ ಸಾಕು, ಬಣ್ಣವೂ ಚೆನ್ನಾಗಿ ಬಿಡುತ್ತದೆ. ತಳಿಗಳನ್ನು ಬೇರೆ ಬೇರೆಯಾಗಿಯೇ ಹುದುಗಿಸುತ್ತಾರೆ: ಗಾಳಿ ತಾಗಿದರೆ ಕೆಡುವ ಗ್ರೆನಾಶ್ ಮುಚ್ಚಿದ ಕಾಂಕ್ರೀಟ್ ತೊಟ್ಟಿಗೆ, ಗಾಳಿ ಸಿಗದಿದ್ದರೆ ಮುಗ್ಗುವ ಮೂರ್ವೇದ್ರ್, ಸಿರಾ ಮರದ ತೊಟ್ಟಿಗೆ. ಆಮೇಲೆ ಬೆರೆಸಿ, ದೊಡ್ಡ ಓಕ್ ಪೀಪಾಯಿಗಳಲ್ಲಿ ಸುಮಾರು ಒಂದು ವರ್ಷ. ಹೊಸ ಮರದ ವೆನಿಲಾ ವಾಸನೆ ಇಲ್ಲಿ ಹುಡುಕಬೇಡಿ, ಇರುವುದಿಲ್ಲ.

ಇನ್ನು ದೋಷ. ಹಳೆಯ ಬೋಕಾಸ್ತೆಲ್, ಅದರಲ್ಲೂ 1980ರ ದಶಕದ ಕೊನೆಯ ಬಾಟಲಿಗಳು, ಕುದುರೆ ಲಾಯದ ವಾಸನೆಗೆ ಹೆಸರುವಾಸಿ. ಒದ್ದೆ ಚರ್ಮ, ಬ್ಯಾಂಡೇಜು ಕೂಡ ನೆನಪಿಗೆ ಬರುತ್ತವೆ. ಬಹಳ ದಿನ ಇದನ್ನು ಮಣ್ಣಿನ ಗುಣ ಎಂದು ಹೊಗಳಿದವರಿದ್ದರು. ಮಣ್ಣಿಗೂ ಇದಕ್ಕೂ ಸಂಬಂಧವಿಲ್ಲ. ಇದು ಬ್ರೆಟನೊಮೈಸಿಸ್ ಎಂಬ ಯೀಸ್ಟಿನ ಕೆಲಸ. ಗಂಧಕ ಕಡಿಮೆ, ಹಳೆಯ ಮರದ ಸಂದುಗೊಂದು ತೊಳೆಯುವುದು ಕಷ್ಟ, ಜೊತೆಗೆ ಬೆಚ್ಚನೆಯ ಜಾಗ: ಅದಕ್ಕೆ ಬೇಕಾದದ್ದೆಲ್ಲ ಸಿಕ್ಕಂತೆ. ಮೊದಲಲ್ಲೇ ಕೊಟ್ಟ 80 ಡಿಗ್ರಿ ಕಾವು ಆಮೇಲೆ ಪೀಪಾಯಿಯಲ್ಲಿ ಅಂಟುವ ಸೋಂಕನ್ನು ತಡೆಯಲಾರದು. ಈಚಿನ ವರ್ಷಗಳ ವೈನ್ ಬಹಳ ಶುಚಿಯಾಗಿದೆ. ಆ ವಾಸನೆ ಆಗದವರು ಹರಾಜಿನಲ್ಲಿ ಹಳೆಯದಕ್ಕೆ ದುಡ್ಡು ಸುರಿಯುವುದು ಬೇಡ.

ಕೊಂಡವರು ಹೆಚ್ಚಾಗಿ ಎಡವುವುದು ತೆರೆಯುವ ಹೊತ್ತಿನಲ್ಲಿ. ಕೆಂಪು ವೈನ್ ಮೊದಲ ಮೂರು-ನಾಲ್ಕು ವರ್ಷ ಹಣ್ಣಿನ ರಸ ತುಂಬಿಕೊಂಡಿರುತ್ತದೆ. ಆಮೇಲೆ ಮುಚ್ಚಿಕೊಳ್ಳುತ್ತದೆ. ಐದರಿಂದ ಒಂಬತ್ತನೆಯ ವರ್ಷದ ನಡುವೆ ತೆರೆದರೆ ಒಗರು ಮತ್ತು ಆಲ್ಕೋಹಾಲ್ ಬಿಟ್ಟು ಬೇರೇನೂ ಸಿಗದೆ, ‘ಇದಕ್ಕೇ ಇಷ್ಟು ದುಡ್ಡೇ?’ ಎನ್ನಿಸುತ್ತದೆ. ಹತ್ತು ದಾಟಲಿ. 2010, 2016ರಂಥ ಗಟ್ಟಿ ವರ್ಷಗಳದ್ದಾದರೆ ಹದಿನೈದು. 2002ರ ಸೆಪ್ಟೆಂಬರಿನ ಪ್ರವಾಹ ಈ ಸೀಮೆಯ ಬೆಳೆಯನ್ನು ಕೆಡಿಸಿತ್ತು. ಆ ವರ್ಷದ್ದು ಅಗ್ಗಕ್ಕೆ ಸಿಕ್ಕರೂ ಬಿಟ್ಟುಬಿಡಿ. ಸುಮಾರು 80 ಪಾಲು ರೂಸಾನ್ ದ್ರಾಕ್ಷಿ ಇರುವ ಬಿಳಿ ವೈನಿನದು ಇನ್ನೂ ವಿಚಿತ್ರ. ನಾಲ್ಕೈದು ವರ್ಷವಾದ ಮೇಲೆ ಅದು ಕಂದುಬಣ್ಣಕ್ಕೆ ತಿರುಗಿ ಕೆಟ್ಟೇಹೋಯಿತೇನೋ ಅನ್ನಿಸುವಂತಾಗಿ, ಹತ್ತು-ಹನ್ನೆರಡರ ಮೇಲೆ ಜೇನು, ವಾಲ್ನಟ್ ಪರಿಮಳದೊಂದಿಗೆ ಎದ್ದು ಕೂರುತ್ತದೆ. ಗಾಬರಿಯಾಗಿ ಚೆಲ್ಲಿದವರಿಗೆ ನಷ್ಟ.

ಬೆಂಗಳೂರಿನಂಥ ಊರಿನಲ್ಲಿ ಇಷ್ಟು ವರ್ಷ ಇಡುವುದೆಂದರೆ 13-14 ಡಿಗ್ರಿಯ ವೈನ್ ಫ್ರಿಜ್ ಇರಲೇಬೇಕು. ಏಪ್ರಿಲ್ ತಿಂಗಳ ಬೀರುವಿನಲ್ಲಿಟ್ಟರೆ ಕಾರ್ಕ್ ಉಬ್ಬಿ, ವೈನ್ ಬೆಂದ ಹಣ್ಣಿನಂತಾಗುತ್ತದೆ. ಕುಡಿಯುವಾಗ ಕೆಂಪಿಗೆ 16-17 ಡಿಗ್ರಿ; 27 ಡಿಗ್ರಿಯ ಕೋಣೆಯಲ್ಲಿದ್ದ ಬಾಟಲಿಗೆ ಮಾಮೂಲಿ ಫ್ರಿಜ್ಜಿನಲ್ಲಿ ಸುಮಾರು ಒಂದು ಗಂಟೆ ಸಾಕು. ಬಿಳಿಯದನ್ನು ಐಸಿನಂತೆ ತಣ್ಣಗೆ ಮಾಡಬೇಡಿ, 12-13 ಡಿಗ್ರಿ ಇರಲಿ. ಇಪ್ಪತ್ತು ವರ್ಷ ದಾಟಿದ ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕಿಳಿಯುತ್ತದೆ. ಕಾರ್ಕ್ ಮೆದುವಾಗಿದ್ದರೆ ಸುರುಳಿ ಚುಚ್ಚದೆ ಕಾರ್ಕಿನ ಪಕ್ಕಕ್ಕೆ ತೂರಿಸುವ ಎರಡು ಅಲಗಿನ ಓಪನರ್ ಬಳಸಿ. ಎಳೆಯದನ್ನು ಎರಡು ಗಂಟೆ ಮೊದಲೇ ಜಗ್ಗಿಗೆ ಸುರಿದಿಡಿ.

ಲೇಬಲ್ ನೋಡಿ ಕೊಳ್ಳಿ. ‘ಫಾಮಿಯ್ ಪೆರಾಂ’ ಎಂದಷ್ಟೇ ಇದ್ದರೆ ಅದು ಇದೇ ಮನೆಯದಾದರೂ ಬೋಕಾಸ್ತೆಲ್ ಅಲ್ಲ. ಕೋಳಿ ಚಿತ್ರದ ‘ಲಾ ವಿಯೆಯ್ ಫೆರ್ಮ್’ ಅಂತೂ ದಿನಬಳಕೆಯ ಸರಕು, ಆ ಬೆಲೆಗೆ ತಕ್ಕಂತಿದೆ. ಝಾಕ್ ನೆನಪಿಗೆ 1989ರಿಂದ, ಒಳ್ಳೆಯ ವರ್ಷಗಳಲ್ಲಿ ಮಾತ್ರ ತಯಾರಾಗುವ ‘ಓಮಾಝ್ ಅ ಝಾಕ್ ಪೆರಾಂ’ನಲ್ಲಿ ಮೂರ್ವೇದ್ರ್‌ನದೇ ಮೇಲುಗೈ. ಅದ್ಭುತವೇ, ಆದರೆ ಬೆಲೆ ಹಲವು ಪಟ್ಟು, ಕಾಯುವುದು ಇಪ್ಪತ್ತು ವರ್ಷ. ನಮ್ಮ ಮತ ‘ಕೂದುಲೆ ದ ಬೋಕಾಸ್ತೆಲ್’ಗೆ. ಎ7 ಹೆದ್ದಾರಿಯ ಆಚೆ ಬದಿಯ ಸುಮಾರು 30 ಹೆಕ್ಟೇರ್ ತುಂಡು ಅದು. ರಸ್ತೆ ದಾಟಿದ್ದರಿಂದ ಕಾನೂನಿನ ಲೆಕ್ಕದಲ್ಲಿ ಬರೀ ‘ಕೋತ್ ದ್ಯು ರೋನ್’, ಅಂದರೆ ರೋನ್ ಕಣಿವೆಯ ಸಾಮಾನ್ಯ ದರ್ಜೆಯ ವೈನ್. ದ್ರಾಕ್ಷಿಯ ಕೆಲಸ ಅದೇ ಕೈಗಳದ್ದು, ಮೂರ್ವೇದ್ರ್ ಪಾಲೂ ಸುಮಾರು 30. ಐದಾರು ವರ್ಷಕ್ಕೇ ಹದವಾಗುತ್ತದೆ, ಬೆಲೆ ಅರ್ಧಕ್ಕಿಂತ ಕಡಿಮೆ. ವಿದೇಶದಿಂದ ಬರುವವರಿಗೆ ಸುಂಕವಿಲ್ಲದೆ ತರಲು ಬಿಡುವುದು ಎರಡು ಲೀಟರ್; 750 ಮಿಲಿಯ ಬಾಟಲಿ ಎರಡು ಮಾತ್ರ, ಮೂರನೆಯದಕ್ಕೆ ಸುಂಕ ತೆರಬೇಕು. ಒಂದು ಬೋಕಾಸ್ತೆಲ್, ಒಂದು ಕೂದುಲೆ ತನ್ನಿ.

ಜೊತೆಗೆ ಊಟ: ಕರಿಮೆಣಸು ಹಾಕಿ ನಿಧಾನಕ್ಕೆ ಬೇಯಿಸಿದ ಕುರಿ ಮಾಂಸ ಸರಿ. ಕೊಡಗಿನ ಪಂದಿ ಕರಿ ಹೊಂದುತ್ತದೆ ಎಂದು ಅನ್ನಿಸುವುದು ಸಹಜ, ಆದರೆ ಕಾಚಂಪುಳಿಯ ಹುಳಿಯೆದುರು ಹುಳಿ ಕಡಿಮೆಯಿರುವ ಈ ವೈನ್ ಸಪ್ಪೆಯಾಗುತ್ತದೆ. ಕಾಚಂಪುಳಿ ಅರ್ಧಕ್ಕಿಳಿಸಿದರೆ ನಡೆದೀತು; ಹಾಗೆ ಇಳಿಸಲು ಕೊಡವರು ಒಪ್ಪುತ್ತಾರೆಯೇ ಎನ್ನುವುದು ಬೇರೆ ಮಾತು.