ಹನ್ನೆರಡು ವಾರದ ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ ಕೋರ್ಸು: ಕಾಸರಗೋಡಿನ ಬದಿಯಡ್ಕದಲ್ಲಿ ಕೂತು ಕಲಿತವಳ ಅನುಭವ

ದುಡ್ಡಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಸೇರುವ ಮೊದಲು ನಾನೂ ಅದನ್ನೇ ಹುಡುಕಿದ್ದು. ಫೀಸು 48,000 ರೂಪಾಯಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 56,640. ಮೂರು ಕಂತಿನಲ್ಲಿ ಕಟ್ಟಿದೆ. 12 ವಾರ, ಶನಿವಾರ ಮತ್ತು ಭಾನುವಾರ ಬೆಳಿಗ್ಗೆ 10ರಿಂದ 1ರ ತನಕ ಆನ್‌ಲೈನ್ ಕ್ಲಾಸು. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಇಂಥ ಕೋರ್ಸುಗಳು ಈಗ ಬೇಕಾದಷ್ಟಿವೆ. ಸೇರುವ ಮೊದಲು ಕೇಳಬೇಕಾದ ಪ್ರಶ್ನೆಗಳು ಎಲ್ಲದಕ್ಕೂ ಒಂದೇ.

ನಾನು ಆರು ವರ್ಷ ಮಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕಸ್ಟಮರ್ ಸಪೋರ್ಟ್‌ನಲ್ಲಿದ್ದೆ. ಅಂಗಡಿಗಳಿಗೆ, ಸೊಸೈಟಿಗಳಿಗೆ ಬಿಲ್ಲು ಮತ್ತು ಸ್ಟಾಕ್ ಲೆಕ್ಕದ ಸಾಫ್ಟ್‌ವೇರ್ ಮಾಡುವ ಕಂಪನಿ. ಕಳೆದ ವರ್ಷ ಪ್ರಾಡಕ್ಟ್ ಟೀಮಿಗೆ ಬಾ ಎಂದರು. ಖುಷಿಯಾಯಿತು, ಹೆದರಿಕೆಯೂ ಆಯಿತು. ಸಪೋರ್ಟ್‌ನಲ್ಲಿ ಬಂದ ದೂರಿಗೆ ಪರಿಹಾರ ಕೊಟ್ಟರೆ ಕೆಲಸ ಮುಗಿಯಿತು. ಪ್ರಾಡಕ್ಟ್ ಮ್ಯಾನೇಜರ್ ಮುಂದೆ ಏನು ಮಾಡಬೇಕು, ಯಾವುದನ್ನು ಸದ್ಯಕ್ಕೆ ಬಿಡಬೇಕು ಎಂದು ತೀರ್ಮಾನ ಮಾಡಬೇಕು. ಕೋಡ್ ಬರೆಯುವವರು ನಮ್ಮ ಕೈಕೆಳಗಿಲ್ಲ, ಮಾರುವವರೂ ಇಲ್ಲ. ಕೆಲಸ ಕೆಟ್ಟರೆ ಮಾತ್ರ ಮೊದಲು ಕೇಳುವುದು ನಮ್ಮನ್ನೇ.

ಮೊದಲ ಎರಡು ವಾರ ಥಿಯರಿ. ಈ ಕೆಲಸದ ಬೇರು ಹುಡುಕಿದರೆ 1931ಕ್ಕೆ ಹೋಗುತ್ತದೆ. ಸೋಪು ಮಾಡುವ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯಲ್ಲಿ ನೀಲ್ ಮೆಕೆಲ್‌ರಾಯ್ ಎಂಬವರು ಒಂದೊಂದು ಬ್ರ್ಯಾಂಡಿನ ಪೂರ್ತಿ ಜವಾಬ್ದಾರಿಗೆ ಬೇರೆ ಬೇರೆ ಜನ ಬೇಕು ಎಂದು ಒಂದು ಟಿಪ್ಪಣಿ ಬರೆದರು. ಆಮೇಲೆ ಜಪಾನಿನ ನೊರಿಯಾಕಿ ಕಾನೊ 1984ರಲ್ಲಿ ಕೊಟ್ಟ, ಪ್ರಾಡಕ್ಟಿನ ಗುಣಗಳನ್ನು ವಿಂಗಡಿಸುವ ಮಾದರಿ. ಇದು ನನಗೆ ತುಂಬ ಹಿಡಿಸಿತು. ಬಿಲ್ಲು ಸರಿಯಾಗಿ ಪ್ರಿಂಟ್ ಆದರೆ ಯಾರೂ ಹೊಗಳುವುದಿಲ್ಲ, ಆಗದಿದ್ದರೆ ಫೋನಿನ ಮೇಲೆ ಫೋನು. ಅಂಥದ್ದನ್ನು ಬೇರೆ ಇಡಬೇಕು, ಇದ್ದರೆ ಖುಷಿ ಕೊಡುವುದನ್ನು ಬೇರೆ ಇಡಬೇಕು. ಆರು ವರ್ಷ ಫೋನ್ ಎತ್ತಿದವಳಿಗೆ ಇದು ಬಿಡಿಸಿ ಹೇಳದೆಯೇ ಅರ್ಥವಾಯಿತು.

ಈ ವಿಷಯಗಳ ವೀಡಿಯೊ ಯೂಟ್ಯೂಬ್‌ನಲ್ಲಿ ಬಿಟ್ಟಿ ಸಿಗುತ್ತವೆ. ಅಷ್ಟಕ್ಕೇ ಆದರೆ ಇಷ್ಟು ದುಡ್ಡು ಕೊಡಬೇಡಿ.

ದುಡ್ಡು ಸಾರ್ಥಕವಾದದ್ದು ನಾಲ್ಕನೇ ವಾರದ ಹೋಂವರ್ಕಿನಲ್ಲಿ. ಒಂದು ಸಮಸ್ಯೆ ಆರಿಸಿ, ಐದು ಜನರನ್ನು ಮಾತಾಡಿಸಿ ಬನ್ನಿ ಎಂದರು. ಕ್ಲಾಸಿನಲ್ಲಿ ಜಾಸ್ತಿ ಜನ ಬೆಂಗಳೂರು, ಪುಣೆಯವರು. ಅವರು ಊಟ ತರಿಸುವ ಆ್ಯಪು, ಟ್ಯಾಕ್ಸಿ ಆ್ಯಪು ತಗೊಂಡರು. ನಾನು ಅಡಿಕೆ ತೋಟಕ್ಕೆ ಮದ್ದು ಬಿಡುವುದನ್ನು ತಗೊಂಡೆ. ನಮ್ಮ ಕಡೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುತ್ತಾರಲ್ಲ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಎರಡನೇ ಸಲದ ದಿನ ಮರೆತುಹೋಗದ ಹಾಗೆ ನೆನಪಿಸುವ ಆ್ಯಪು ಮಾಡಿದರೆ ಹೇಗೆ ಎಂಬುದು ನನ್ನ ಯೋಚನೆ.

ಐದು ಮನೆಗೆ ಹೋದೆ. ಒಂದು ಕಡೆ ಹವ್ಯಕ ಮಾತು, ಒಂದು ಕಡೆ ತುಳು, ಒಂದು ಕಡೆ ಮಲಯಾಳ. ಎಲ್ಲರಿಗೂ ಒಂದೇ ಪ್ರಶ್ನೆ: "ಇಂಥದ್ದೊಂದು ಆ್ಯಪ್ ಇದ್ದರೆ ಉಪಯೋಗ ಮಾಡ್ತೀರಾ?" ಐವರೂ ಹೌದು ಎಂದರು. ಗುಡ್ಡೆಮನೆ ದೊಡ್ಡಪ್ಪ ಅಂತೂ "ಒಳ್ಳೆದುಂಟು ಮಗಾ, ಮಾಡು ಮಾಡು" ಎಂದು ಹಲಸಿನ ಹಪ್ಪಳ ಕೊಟ್ಟು ಕಳಿಸಿದರು. ಹಿಗ್ಗಿಕೊಂಡು ವರದಿ ಬರೆದೆ.

ಹೋಂವರ್ಕ್ ನೋಡುವ ಮೆಂಟರ್ ನನ್ನ ಪ್ರಶ್ನೆಗೆ ಕೆಂಪು ಗೆರೆ ಎಳೆದು ಕಳಿಸಿದರು. ಮನೆಗೆ ಬಂದ ಹುಡುಗಿಗೆ ಯಾರು ಇಲ್ಲ ಅಂತಾರೆ? ಮುಂದೆ ಏನು ಮಾಡ್ತೀರಿ ಎಂದು ಕೇಳಬೇಡಿ, ಕಳೆದ ಸಲ ಏನು ಮಾಡಿದಿರಿ ಎಂದು ಕೇಳಿ, ಕೇಳಿ ಸುಮ್ಮನೆ ಕೂತುಕೊಳ್ಳಿ. ಅವರು ಬರೆದದ್ದು ಇಷ್ಟೇ.

ಮತ್ತೆ ಹೋದೆ. ದೊಡ್ಡಪ್ಪ ಈ ಸಲ ಗೋಡೆಯಿಂದ ಕ್ಯಾಲೆಂಡರ್ ಇಳಿಸಿ ತಂದರು. ಜೂನ್ ಮೊದಲ ವಾರದಲ್ಲಿ ಪೆನ್ಸಿಲಿನ ಒಂದು ಸುತ್ತು. ಜುಲೈಯಲ್ಲಿ ಇನ್ನೊಂದು ಸುತ್ತು, ಅದರ ಪಕ್ಕ ಏಳು ಗೀಟು. ಸುತ್ತು ಮದ್ದು ಬಿಡಬೇಕಾದ ದಿನ. ಗೀಟೆಲ್ಲ ಕಾದ ದಿನಗಳು. ದಿನ ಅವರಿಗೆ ಯಾವತ್ತೂ ಮರೆತಿರಲಿಲ್ಲ. ಮಳೆ ಬಿಟ್ಟ ದಿನ ಮದ್ದು ಬಿಡುವ ಜನ ಸಿಗುತ್ತಿರಲಿಲ್ಲ. ಸಿಕ್ಕಿದ ದಿನ ಮಳೆ. ಏಳು ದಿನ ತಡವಾಗಿ ಆ ವರ್ಷ ಕೆಳಗಿನ ತೋಟದಲ್ಲಿ ಕೊಳೆ ಬಿತ್ತು. ಇದನ್ನು ಹೇಳುವಾಗ ಅವರ ಬೆರಳು ಆ ಗೀಟುಗಳ ಮೇಲೇ ಇತ್ತು.

ಅಲ್ಲಿಂದ ಮದ್ದು ಬಿಡುವ ಅಣ್ಣನ ಮನೆಗೆ ಹೋದೆ. ನನ್ನ ಮೊದಲ ಪಟ್ಟಿಯಲ್ಲಿ ಅವರು ಇರಲೇ ಇಲ್ಲ. ತೋಟದವರು ಗಿರಾಕಿ ಎಂದುಕೊಂಡು ಕೆಲಸ ಮಾಡುವವರನ್ನೇ ಬಿಟ್ಟಿದ್ದೆ. "ಮಳೆ ಬಿಟ್ಟ ದಿನ ಬೆಳಿಗ್ಗೆ ಫೋನ್ ಬರುದೇ ಬರುದು ಅಕ್ಕ. ಮೈಲುತುತ್ತಿನ ಕೈಯಲ್ಲಿ ಫೋನ್ ತೆಗಿಲಿಕ್ಕೆ ಆಗ್ತದಾ?" ಎಂದರು. ಸಂಜೆ ವಾಟ್ಸ್‌ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಕೇಳುತ್ತಾರೆ, ಟೈಪ್ ಮಾಡುವುದಿಲ್ಲ. ಯಾರ ತೋಟಕ್ಕೆ ಮೊದಲು ಹೋಗುವುದು ಎಂದು ಕೇಳಿದೆ. ಅರ್ಧ ಕೆಲಸ ಆಗಿ ಮಳೆಗೆ ನಿಂತ ತೋಟ ಮೊದಲು, ಆಮೇಲೆ ಕಳೆದ ವರ್ಷ ಕೊಳೆ ಬಂದ ತೋಟ, ಆಮೇಲೆ ದಾರಿಯಲ್ಲಿ ಸಿಗುವವು. ಯಾವುದು ಮೊದಲು ಎಂದು ಆರಿಸುವ ಪಾಠ ನನಗೆ ಅಲ್ಲಿ ಆದಷ್ಟು ಸ್ಪಷ್ಟವಾಗಿ ಕ್ಲಾಸಿನಲ್ಲಿ ಆಗಲಿಲ್ಲ. ನನ್ನ ಕೊನೆಯ ವರದಿಯಲ್ಲಿ ಹೊಸ ಆ್ಯಪೇ ಇರಲಿಲ್ಲ. ಸರದಿ ಎಲ್ಲಿಗೆ ಬಂತೆಂದು ಅಣ್ಣ ಸಂಜೆ ಒಂದು ವಾಯ್ಸ್ ಮೆಸೇಜ್ ಹಾಕುವ ಗುಂಪು, ಅಷ್ಟೇ. ಮೆಂಟರ್ ಅದಕ್ಕೆ ಒಳ್ಳೆಯ ಅಂಕ ಕೊಟ್ಟರು.

ಅದರ ಫಲ ಆಫೀಸಿನಲ್ಲೂ ಸಿಕ್ಕಿತು. ಸೇಲ್ಸಿನವರು ಒಂದು ಸೊಸೈಟಿಗೆ ಬಾರ್‌ಕೋಡ್ ಮಾಡಿಕೊಡುತ್ತೇವೆ ಎಂದು ಮಾತು ಕೊಟ್ಟು ಬಂದಿದ್ದರು. ಎಂಜಿನಿಯರ್‌ಗಳು ಎರಡು ತಿಂಗಳು ಬೇಕು ಎಂದರು. ನಡುವೆ ನಾನು. ಮೊದಲಿನ ಹಾಗಿದ್ದರೆ ಎರಡೂ ಕಡೆಗೆ ಸಮಾಧಾನ ಹೇಳಿ ಓಡಾಡುತ್ತಿದ್ದೆ. ಈ ಸಲ ಸೊಸೈಟಿಗೇ ಹೋಗಿ, ಕೊನೆಯ ಸಲ ತೊಂದರೆ ಆದದ್ದು ಯಾವಾಗ, ತೋರಿಸಿ ಎಂದೆ. ಅವರು ಸ್ಕ್ರೀನ್ ತೋರಿಸಿದರು. 'ಅಡಿಕೆ ಚಾಲಿ ಹೊಸತು', 'ಅಡಿಕೆ ಚಾಲಿ ಹಳೆಯದು' ಎಂದು ಎರಡು ಐಟಂ (ಚಾಲಿ ಎಂದರೆ ಒಣಗಿಸಿ ಸುಲಿದ ಅಡಿಕೆ). ಸ್ಕ್ರೀನಿನ ಕಾಲಂ ಸಣ್ಣದಾಗಿ ಎರಡೂ 'ಅಡಿಕೆ ಚಾಲಿ' ಎಂದೇ ಕಾಣುತ್ತಿತ್ತು. ರೇಟು ಬೇರೆ ಬೇರೆ, ಆದರೆ ಬಿಲ್ಲು ಮಾಡುವವರಿಗೆ ಗೊತ್ತಾಗುವುದು ಹೇಗೆ? ಕಾಲಂ ಅಗಲ ಮಾಡಲು ಒಂದು ದಿನ ಸಾಕಾಯಿತು. ಬಾರ್‌ಕೋಡ್ ಮತ್ತೆ ಯಾರೂ ಕೇಳಲಿಲ್ಲ.

ಕೊರತೆಗಳೂ ಉಂಟು. ಯಾವ ಕೆಲಸ ಮೊದಲು ಎಂದು ಆರಿಸುವ 'ರೈಸ್' ಎಂಬ ಲೆಕ್ಕಕ್ಕೆ ಎರಡು ಪೂರ್ತಿ ಕ್ಲಾಸು ಕೊಟ್ಟರು. ಎಷ್ಟು ಜನಕ್ಕೆ ತಲುಪುತ್ತದೆ, ಎಷ್ಟು ಪ್ರಯೋಜನ, ನಮಗೆ ಎಷ್ಟು ಖಾತ್ರಿ, ಇವನ್ನು ಗುಣಿಸಿ ಬೇಕಾದ ಶ್ರಮದಿಂದ ಭಾಗಿಸುವುದು. ಲೆಕ್ಕ ಸುಲಭ. ಖಾತ್ರಿಯ ಕಡೆ ಎಲ್ಲರೂ 80 ಪರ್ಸೆಂಟ್ ಎಂದು ಬರೆದಾಗ ಯಾಕೆ ಎಂದು ಯಾರೂ ಕೇಳಲಿಲ್ಲ, ಅದು ಬೇಸರ. ಇಲ್ಲ ಎನ್ನುವುದು ಹೇಗೆ, ಅದರಲ್ಲೂ ನಮಗಿಂತ ದೊಡ್ಡವರಿಗೆ, ಎಂಬುದಕ್ಕೆ ಅರ್ಧ ಗಂಟೆ. ಈ ಕೆಲಸದಲ್ಲಿ ದಿನಾ ಬೇಕಾಗುವುದು ಅದೇ ಅಲ್ವಾ? ಜಾಹೀರಾತಿನಲ್ಲಿ ಕೆಲಸ ಕೊಡಿಸುತ್ತೇವೆ ಎಂದಿದ್ದರು. ನಮ್ಮ ಬ್ಯಾಚಿನ ಹೊಸಬರಿಗೆ ಬಂದದ್ದು ರೆಸ್ಯೂಮೆ ತಿದ್ದಿಕೊಡುವ ಒಂದು ಕ್ಲಾಸು ಮಾತ್ರ. ಕೆಲಸದ ಅನುಭವ ಇಲ್ಲದವರು ಆ ಮಾತು ನಂಬಿ ಸಾಲ ಮಾಡಬೇಡಿ.

ಸೇರುವುದಾದರೆ ಹೋಂವರ್ಕ್ ಯಾರು ನೋಡುತ್ತಾರೆ, ಒಬ್ಬ ಮೆಂಟರಿಗೆ ಎಷ್ಟು ಜನ ಎಂದು ಮೊದಲು ಕೇಳಿ. ನಮ್ಮದರಲ್ಲಿ 12 ಜನ ಇದ್ದರು, ಅದಕ್ಕೇ ಆ ಕೆಂಪು ಗೆರೆ ನನಗೆ ಸಿಕ್ಕಿತು. ಮಾತುಕತೆಯನ್ನೆಲ್ಲ ಇಂಗ್ಲಿಷಿಗೆ ಬರೆದು ಕೊಡಬೇಕು, ನನಗೆ ಎರಡು ರಾತ್ರಿ ಹಿಡಿಯಿತು. ಇನ್ನು ನಮ್ಮ ಕಡೆಯವರು ಜೂನ್ ಬ್ಯಾಚಿಗೆ ಸೇರಬೇಡಿ. ಕರೆಂಟು ಹೋಗಿ ನನಗೆ ನಾಲ್ಕು ಕ್ಲಾಸು ತಪ್ಪಿತು, ರೆಕಾರ್ಡಿಂಗ್ ಕೈಗೆ ಬರುವುದು ಮಂಗಳವಾರ. ಡಿಸೆಂಬರ್ ಬ್ಯಾಚು ಒಳ್ಳೆಯದು. ಆಗ ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ, ಮಾತಾಡಿಸಲು ಹೋದರೆ ಎಲ್ಲರೂ ಮನೆಯಲ್ಲೇ ಸಿಗುತ್ತಾರೆ.