ಬ್ಯಾಂಕಾಕ್ ಹಳೆ ಊರಿಗೆ ಯಾವ ದಾರಿ ವಾಸಿ?

ಬ್ಯಾಂಕಾಕ್‌ಗೆ ಮೊದಲ ಸಲ ಹೋದವರು ಹಳೆ ಊರಿನ ಕಡೆಯ ಗ್ರ್ಯಾಂಡ್ ಪ್ಯಾಲೇಸ್ ಅರಮನೆ, ವಾಟ್ ಫೋ, ವಾಟ್ ಅರುಣ್ (ವಾಟ್ ಅಂದರೆ ಬೌದ್ಧ ದೇವಾಲಯ) ನೋಡದೆ ವಾಪಸ್ ಬರೋದಿಲ್ಲ. ನಾನೂ ಅಷ್ಟೇ. ಆಗ ಹೋಗಿದ್ದು ನೀಲಿ ಬಾವುಟದ ಪ್ರವಾಸಿ ಬೋಟಿನಲ್ಲಿ. ಈ ಸಲ ಆ ಕಡೆಗೇ ಬೇರೆ ಬೇರೆ ದಾರಿ ಹಿಡಿದೆ.

ನೀಲಿ ಬಾವುಟವನ್ನು ಸುಮ್ನೆ ಬಯ್ಯಬೇಕಿಲ್ಲ. ಮುಂದಿನ ನಿಲ್ದಾಣ ಯಾವುದು ಅಂತ ಇಂಗ್ಲಿಷಿನಲ್ಲಿ ಹೇಳುತ್ತಾರೆ, ಫೋಟೋ ತೆಗೆಯಲು ಜಾಗ ಇರುತ್ತದೆ. ಹೊಸಬರಿಗೆ ಧೈರ್ಯ. ಆದರೆ ದಿನದ ಪಾಸು 150 ಬಾಟ್ (ಥಾಯ್ ದುಡ್ಡು) ಆಸುಪಾಸು, ಒಂದು ಬೋಟು ತಪ್ಪಿದರೆ ಅರ್ಧ ಗಂಟೆ ಕಾಯಬೇಕು.

ಆ ನೀಲಿ ಬೋಟು ಹೊರಡುವ ಸಾಥೋನ್ ದೋಣಿಕಟ್ಟೆಯಿಂದಲೇ, ಅದೇ ಚಾವೊ ಫ್ರಯಾ ನದಿಯಲ್ಲಿ ಕಿತ್ತಳೆ ಬಾವುಟದ ಬೋಟೂ ಹೋಗುತ್ತದೆ. ಎಲ್ಲಿ ಇಳಿದರೂ 16 ಬಾಟ್. ಒಂಬತ್ತು ಸಲ ಹತ್ತಿಳಿದರೂ ಆ ಪಾಸಿನ ದುಡ್ಡು ಆಗೋದಿಲ್ಲ! ಕಂಡಕ್ಟರಮ್ಮ ಉದ್ದನೆಯ ಲೋಹದ ಡಬ್ಬಿಯನ್ನು ಕಟಕಟ ಅನ್ನಿಸುತ್ತಾ ಬರುತ್ತಾರೆ. ಚಿಲ್ಲರೆ, ಟಿಕೆಟ್ ಎರಡೂ ಅದರೊಳಗೇ. ಹಿಂದೆ ನಿಂತ ಹುಡುಗ ಸೀಟಿ ಊದಿ ಊದಿ ಚಾಲಕನಿಗೆ ದಾರಿ ಹೇಳುತ್ತಾನೆ. ಕಟ್ಟೆಗೆ ತಾಗಿದ ಕೂಡಲೇ ಇಳಿಯಬೇಕು, ಬೋಟು ನಿಲ್ಲೋದೇ ಕೆಲವು ಸೆಕೆಂಡು. ಸಂಜೆ ಆಫೀಸು ಬಿಡುವ ಹೊತ್ತಿಗೆ ಮಾತ್ರ ಹತ್ತಬೇಡಿ, ಬಿಎಂಟಿಸಿ ನೆನಪಾಗುತ್ತದೆ.

ಮೆಟ್ರೊ ಬಗ್ಗೆ ಹೇಳೋದು ಕಡಿಮೆ. 2019ರಲ್ಲಿ ಸನಾಮ್ ಚಾಯ್ ನಿಲ್ದಾಣ ತೆರೆದ ಮೇಲೆ ವಾಟ್ ಫೋ ನಾಲ್ಕು ಹೆಜ್ಜೆ. ನಿಲ್ದಾಣದ ಒಳಗೆ ಅರಮನೆಯಂಥ ಕಂಬಗಳು, ತಣ್ಣಗೆ ಎಸಿ. ಏಪ್ರಿಲ್ ಬಿಸಿಲಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗೋದಾದರೆ ಬೇರೆ ಯೋಚನೆಯೇ ಬೇಡ. ವಾಟ್ ಅರುಣ್‌ಗೆ ಥಾ ಟಿಯನ್ ಕಟ್ಟೆಯಿಂದ ಪುಟ್ಟ ದೋಣಿಯಲ್ಲಿ ನದಿ ದಾಟಿದರಾಯಿತು. ಒಬ್ಬರೇ ಹೋಗುವಾಗ ಮಾತ್ರ ನನಗೆ ಮೆಟ್ರೊ ಬೋರು. ನದಿಯ ಊರಿಗೆ ಹೋಗಿ ಸುರಂಗ ನೋಡೋದಾ?

ನನ್ನ ಮನಸ್ಸು ಗೆದ್ದಿದ್ದು ಸೇನ್ ಸೇಪ್ ಕಾಲುವೆಯ ಬೋಟು. ಸಯಾಮ್ ಮಾಲ್‌ಗಳ ಹತ್ತಿರದ ಹುವಾ ಚಾಂಗ್ ಕಟ್ಟೆಯಲ್ಲಿ ಹತ್ತಿದರೆ ಕೊನೆಯ ನಿಲ್ದಾಣ ಫಾನ್ ಫಾ. ರಸ್ತೆಯ ಟ್ರಾಫಿಕ್ಕಿಗೆ ಇದರ ಮುಂದೆ ಯಾವ ಲೆಕ್ಕ! ಹೆಲ್ಮೆಟ್ ಹಾಕಿಕೊಂಡ ಕಂಡಕ್ಟರು ಬೋಟಿನ ಹೊರ ಅಂಚಿನ ಮೇಲೇ ನಡೆದು ಬಂದು ದುಡ್ಡು ತಗೋತಾರೆ. ಎದುರಿಂದ ಇನ್ನೊಂದು ಬೋಟು ಬಂತೋ, ಅಂಚಿನಲ್ಲಿ ಕೂತವರು ಹಗ್ಗ ಎಳೆದು ಪ್ಲಾಸ್ಟಿಕ್ ಪರದೆ ಮೇಲೇರಿಸಬೇಕು. ಇಲ್ಲದಿದ್ದರೆ ಆ ಕಪ್ಪು ನೀರು ಮುಖಕ್ಕೇ. ವಾಸನೆ ಇದೆ, ಸುಳ್ಳು ಯಾಕೆ ಹೇಳಲಿ? ಆದರೆ ಜನರ ಹಿತ್ತಲು, ಒಣಗಲು ಹಾಕಿದ ಬಟ್ಟೆ, ಹೂಕುಂಡ ಎಲ್ಲ ಕೈಗೆ ಸಿಗುವಷ್ಟು ಹತ್ತಿರ.

ಒಂದೇ ಕಿರಿಕಿರಿ: ಪೂರ್ವದ ಕಡೆಯಿಂದ ಬಂದರೆ ಪ್ರಾತುನಾಮ್‌ನಲ್ಲಿ ಬೋಟು ಬದಲಿಸಬೇಕು. ಜೊತೆಗೆ ಈ ಬೋಟು ಅರಮನೆ ಬಾಗಿಲಿಗೆ ಹೋಗೋದಿಲ್ಲ. ಫಾನ್ ಫಾದಲ್ಲಿ ಇಳಿದರೆ ಹತ್ತಿರ ಸಿಗೋದು ವಾಟ್ ಸಾಕೆತ್‌ನ ಚಿನ್ನದ ಗುಡ್ಡ. ಮೊದಲು ಅದನ್ನು ಹತ್ತಿಳಿದು, ಆಮೇಲೆ ಟುಕ್‌ಟುಕ್‌ನವರ ಜೊತೆ ಚೌಕಾಸಿ ಮಾಡಿ ಅರಮನೆ ಕಡೆ ಹೊರಡಿ.