ಡಾಕ್ಯುಮೆಂಟ್ ಪುಟಗಳ ಪರಿಶೀಲನೆಗೆ ಗೂಗಲ್ ಶೀಟ್ಸ್: ಸಣ್ಣ ಟೀಮಿಗೆ ಸಾಕು, ತಾರೀಖಿನ ಕಾಲಂ ಮಾತ್ರ ಹುಷಾರು

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಸಣ್ಣ ಸಾಫ್ಟ್‌ವೇರ್ ಆಫೀಸುಗಳಲ್ಲಿ ಒಳಬಳಕೆಯ ಡಾಕ್ಯುಮೆಂಟ್ ಪುಟ ಬರೆಯುವವರಿಗೇನೂ ಬರವಿಲ್ಲ. ಬರೆದದ್ದನ್ನು ಮತ್ತೆ ಯಾವಾಗ ನೋಡಬೇಕು, ಯಾರು ನೋಡಬೇಕು ಅನ್ನುವ ಲೆಕ್ಕ ಇಡುವವರಿಗೇ ಬರ. ಇದಕ್ಕೆಂದೇ ತಿಂಗಳ ಬಾಡಿಗೆ ಕೇಳುವ ಸಾಧನಗಳಿವೆ. ನೂರೈವತ್ತು ಪುಟದೊಳಗಿನ ಟೀಮಿಗೆ ಗೂಗಲ್ ಶೀಟ್ಸ್, ಅದರೊಳಗೇ ಇರುವ ಆಪ್ಸ್ ಸ್ಕ್ರಿಪ್ಟ್ (ಶೀಟಿನ ಕೆಲಸವನ್ನು ತಾನಾಗಿ ಮಾಡಿಸುವ ಸಣ್ಣ ಪ್ರೋಗ್ರಾಂ ಬರೆಯುವ ಸೌಲಭ್ಯ) ಸಾಕು ಅನ್ನುವುದು ನಮ್ಮ ಅಭಿಪ್ರಾಯ. ಐದಕ್ಕೆ ನಾಲ್ಕು ಅಂಕ.

ಕ್ಯಾಲೆಂಡರ್ ರಿಮೈಂಡರ್ ಯಾಕೆ ಸಾಲದು ಅಂದರೆ, ಅದು ನಿಗದಿಯಾದ ದಿನಕ್ಕೆ ಅಂಟಿಕೊಂಡಿರುತ್ತದೆ. ಪುಟವನ್ನು ಹದಿನೈದು ದಿನ ಮೊದಲೇ ನೋಡಿದ್ದರೂ ಅದೇ ದಿನ ಗಂಟೆ ಹೊಡೆಯುತ್ತದೆ, ನೋಡದೆ ತಳ್ಳಿಬಿಟ್ಟರೆ ಮುಂದಿನ ಸರದಿಯವರೆಗೆ ಬಾಯಿ ಬಿಡುವುದಿಲ್ಲ. ಶೀಟಿನಲ್ಲಿ ಗಡುವು ಕೊನೆಯ ಪರಿಶೀಲನೆಯಿಂದ ಎಣಿಕೆಯಾಗುತ್ತದೆ, ಮುಗಿಸುವವರೆಗೆ ಬಾಕಿ ಬಾಕಿಯಾಗಿಯೇ ನಿಲ್ಲುತ್ತದೆ.

ಆರು ಕಾಲಂ ಸಾಕು: ಪುಟದ ಹೆಸರು, ಲಿಂಕ್, ಹೊಣೆ ಹೊತ್ತವರ ಇಮೇಲ್, ಕೊನೆಯ ಪರಿಶೀಲನೆ, ಅವಧಿ ಎಷ್ಟು ತಿಂಗಳು, ಮುಂದಿನ ಗಡುವು. ಗಡುವಿನ ಕಾಲಂಗೆ, ತಾರೀಖಿಗೆ ತಿಂಗಳು ಕೂಡಿಸುವ ಈಡೇಟ್ (EDATE) ಫಂಕ್ಷನ್ ಹಾಕಿ, ಫಾರ್ಮ್ಯಾಟ್ ಅನ್ನು ತಾರೀಖಿಗೆ ಬದಲಿಸಿ. ಇಲ್ಲದಿದ್ದರೆ ಐದಂಕಿಯ ಯಾವುದೋ ಸಂಖ್ಯೆ ಕಾಣಬಹುದು. ಅವಧಿ ಎಲ್ಲಕ್ಕೂ ಒಂದೇ ಬೇಡ. ಸರ್ವರ್ ಬಿದ್ದಾಗ ತೆರೆಯುವ ಪುಟಕ್ಕೆ ಮೂರು ತಿಂಗಳು, ಹೊಸಬರು ಸೇರಿದಾಗ ಓದುವ ಪುಟಕ್ಕೆ ಆರು, ರಜೆ ನಿಯಮದಂಥವಕ್ಕೆ ಹನ್ನೆರಡು. ಹೊಣೆಯ ಕಾಲಂನಲ್ಲಿ ‘ಬ್ಯಾಕೆಂಡ್ ಟೀಮ್’ ಅಂತ ಬರೆದರೆ ಯಾರೂ ನೋಡುವುದಿಲ್ಲ, ಒಬ್ಬರ ಹೆಸರೇ ಇರಬೇಕು.

ಗಲಾಟೆಯೆಲ್ಲ ಕೊನೆಯ ಪರಿಶೀಲನೆಯ ಕಾಲಂನಲ್ಲಿ. ಅಲ್ಲಿ ಟುಡೇ ಫಂಕ್ಷನ್ ಹಾಕುವ ಬುದ್ಧಿವಂತರಿದ್ದಾರೆ. ಅದು ದಿನವೂ ಇವತ್ತಿನ ತಾರೀಖಿಗೆ ಬದಲಾಗುವುದರಿಂದ ಆ ಪುಟದ ಗಡುವು ಜನ್ಮದಲ್ಲಿ ಬರುವುದಿಲ್ಲ. ಕಂಟ್ರೋಲ್ ಜೊತೆ ಸೆಮಿಕೋಲನ್ ಒತ್ತಿದರೆ ಬದಲಾಗದ ತಾರೀಖು ಬೀಳುತ್ತದೆ, ಅದನ್ನೇ ಬಳಸಿ. ಎರಡನೆಯದು ಲೊಕೇಲ್, ಅಂದರೆ ತಾರೀಖನ್ನು ಯಾವ ದೇಶದ ರೀತಿಯಲ್ಲಿ ಓದಬೇಕು ಅನ್ನುವ ಸೆಟ್ಟಿಂಗ್. ಶೀಟ್ ಅಮೆರಿಕದ ಲೊಕೇಲ್‌ನಲ್ಲಿದ್ದರೆ 05/04/2025 ಅಂತ ಹೊಡೆದದ್ದು ಏಪ್ರಿಲ್ 5 ಆಗದೆ ಮೇ 4 ಆಗುತ್ತದೆ. 13/04/2025 ಹೊಡೆದರೆ ಹದಿಮೂರನೇ ತಿಂಗಳಿಲ್ಲವಲ್ಲ, ಅದು ಬರೀ ಅಕ್ಷರವಾಗಿ ಸೆಲ್ಲಿನ ಎಡಕ್ಕೆ ಒರಗುತ್ತದೆ. ಅಸಲಿ ತಾರೀಖು ಬಲಕ್ಕಿರುತ್ತದೆ. ಕಾಲಂ ಮೇಲೆ ಕಣ್ಣಾಡಿಸಿದರೇ ಸಾಕು, ಗೊತ್ತಾಗುತ್ತದೆ. ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ಮೊದಲ ದಿನವೇ ಲೊಕೇಲ್ ಇಂಡಿಯಾ ಮಾಡಿಕೊಳ್ಳಿ. ಮೂರನೆಯದು, ಖಾಲಿ ಸೆಲ್. ಅವಧಿ ಆರು ಇದ್ದು ತಾರೀಖು ಖಾಲಿ ಬಿಟ್ಟರೆ ಗಡುವು 1900ರ ಜೂನ್ 30 ಅಂತ ಬರುತ್ತದೆ. ಶೀಟ್ಸ್ ಸೊನ್ನೆಯನ್ನು 1899ರ ಡಿಸೆಂಬರ್ 30 ಅಂತ ಎಣಿಸುವುದರ ಫಲ ಇದು. ಇದನ್ನು ಸರಿಪಡಿಸಲು ಹೋಗಬೇಡಿ, ಒಮ್ಮೆಯೂ ನೋಡದ ಪುಟ ಪಟ್ಟಿಯ ತಲೆಯ ಮೇಲೆ ಕೂರುವುದು ಒಳ್ಳೆಯದೇ.

ಡ್ರೈವ್‌ನಿಂದ ಕೊನೆಯ ತಿದ್ದುಪಡಿಯ ದಿನವನ್ನು ಸ್ಕ್ರಿಪ್ಟ್ ತಾನಾಗಿ ಎಳೆದುಕೊಳ್ಳಬಲ್ಲದು. ಬೇಡ. ಒಂದು ಕಾಗುಣಿತ ತಿದ್ದಿದರೂ ಪುಟ ಹೊಸದಾಗುತ್ತದೆ. ಪೂರ್ತಿ ನೋಡಿ, ಎಲ್ಲ ಸರಿಯಿದೆ ಅಂತ ಮುಟ್ಟದೆ ಬಿಟ್ಟ ಪುಟ ಹಳೆಯದಾಗಿಯೇ ಉಳಿಯುತ್ತದೆ. ನೋಡುವುದು ಅಂದರೆ ಏನು ಅನ್ನುವುದಕ್ಕೆ ‘ಕರೆಂಟ್ ಹೋದಾಗ’ ಪುಟವನ್ನೇ ತೆಗೆದುಕೊಳ್ಳಿ. ಮೈಸೂರು ಕಡೆಯ ವಿದ್ಯುತ್ ಕಂಪನಿ ಸೆಸ್ಕ್‌ನ ಸಹಾಯವಾಣಿ 1912 ಬದಲಾಗುವಂಥದ್ದಲ್ಲ. ಬದಲಾಗುವುದು ಸೆಕ್ಷನ್ ಆಫೀಸಿನ ಮೊಬೈಲ್, ಡೀಸೆಲ್ ತಂದುಕೊಡುವವರ ನಂಬರ್, ಜನರೇಟರ್ ಕೀಲಿ ಇಡುವ ಜಾಗ. ನಂಬರಿಗೆ ಫೋನ್ ಮಾಡಿ, ಕೀಲಿ ಕೈಯಲ್ಲಿ ಹಿಡಿದು, ಯುಪಿಎಸ್ ಎಷ್ಟು ನಿಮಿಷ ತಡೆಯುತ್ತದೆ ಅಂತ ನೋಡಿ, ಆಮೇಲೆ ತಾರೀಖು ಹಾಕಬೇಕು. ಕುರ್ಚಿಯಲ್ಲಿ ಕೂತೇ ಸಾಲಾಗಿ ತಾರೀಖು ತುಂಬಿದವರಿದ್ದರೆ ಸೆಲ್ ಮೇಲೆ ಬಲ ಕ್ಲಿಕ್ ಮಾಡಿ ಎಡಿಟ್ ಹಿಸ್ಟರಿ ನೋಡಿದರೆ ಬಣ್ಣ ಬಯಲಾಗುತ್ತದೆ.

ಇನ್ನು ಬಾಕಿ ನೆನಪಿಸುವ ಮೇಲ್. ಆಪ್ಸ್ ಸ್ಕ್ರಿಪ್ಟ್‌ನಲ್ಲಿ ವಾರದ ಟ್ರಿಗರ್ (ನಿಗದಿತ ಹೊತ್ತಿಗೆ ಸ್ಕ್ರಿಪ್ಟ್ ಓಡಿಸುವ ಏರ್ಪಾಡು) ಇಟ್ಟು ಸೋಮವಾರ 9ರಿಂದ 10 ಅಂತ ಆರಿಸಿ. ಆ ಒಂದು ಗಂಟೆಯೊಳಗೆ ಯಾವಾಗಲೋ ಓಡುತ್ತದೆ, ನಿಮಿಷದ ಭರವಸೆ ಇಲ್ಲ. ಸ್ಕ್ರಿಪ್ಟಿನ ಟೈಂ ಝೋನ್ ಬೇರೆ, ಶೀಟಿನದು ಬೇರೆ, ಎರಡನ್ನೂ ಕೋಲ್ಕತ್ತಾಕ್ಕೆ ಇಡಿ. ಸಾಲಿಗೊಂದು ಮೇಲ್ ಕಳಿಸಬೇಡಿ, ಒಬ್ಬರ ಬಾಕಿಯನ್ನೆಲ್ಲ ಒಂದೇ ಮೇಲ್‌ನಲ್ಲಿ ಕಟ್ಟಿ. ಸಾಮಾನ್ಯ ಜಿಮೇಲ್ ಖಾತೆಯಿಂದ ದಿನಕ್ಕೆ 100 ಜನರಿಗಷ್ಟೇ ಸ್ಕ್ರಿಪ್ಟ್ ಮೇಲ್ ಕಳಿಸಬಲ್ಲದು. ಇಂಥ ಟೀಮಿಗೆ ಅದು ಧಾರಾಳ.

ನಾವು ಅಂಕ ಕಳೆದದ್ದು ಇಲ್ಲಿ: ಟ್ರಿಗರ್ ಅದನ್ನು ಮಾಡಿದವರ ಖಾತೆಗೆ ಸೇರಿದ್ದು. ಅವರು ಕೆಲಸ ಬಿಟ್ಟು ಬೆಂಗಳೂರಿಗೆ ಹೋದರು, ಐಟಿಯವರು ಖಾತೆ ತೆಗೆದರು ಅಂದರೆ ಮೇಲ್ ನಿಲ್ಲುತ್ತದೆ. ಸದ್ದಿಲ್ಲ, ಎಚ್ಚರಿಕೆಯಿಲ್ಲ. ಮೇಲ್ ಬರಲಿಲ್ಲವಾದ್ದರಿಂದ ಬಾಕಿಯೇ ಇಲ್ಲ ಅಂತ ಎಲ್ಲರೂ ನಿಶ್ಚಿಂತೆಯಾಗಿರುತ್ತಾರೆ. ಟೀಮಿನ ಹಂಚಿಕೆಯ ಖಾತೆಯಿಂದಲೇ ಟ್ರಿಗರ್ ಮಾಡಿ. ಬಾಕಿ ಇಲ್ಲದ ವಾರವೂ ‘ಈ ವಾರ ಏನೂ ಇಲ್ಲ’ ಅನ್ನುವ ಮೇಲ್ ಹೋಗಲಿ. ಜೊತೆಗೆ, ಸ್ಕ್ರಿಪ್ಟ್ ಓಡಿದ ದಿನವನ್ನು ಶೀಟಿನ ಒಂದು ಸೆಲ್‌ನಲ್ಲಿ ಬರೆಯುವಂತೆ ಮಾಡಿ, ಎಂಟು ದಿನ ದಾಟಿದರೆ ಆ ಸೆಲ್ ಕೆಂಪಾಗುವಂತೆ ಇಡಿ.

ಶುರುವಿನಲ್ಲಿ ಎಲ್ಲ ಪುಟಕ್ಕೂ ಒಂದೇ ದಿನದ ತಾರೀಖು ಹಾಕಿದರೆ ಒಂದೇ ಅವಧಿಯವೆಲ್ಲ ಒಟ್ಟಿಗೆ ತಲೆ ಮೇಲೆ ಬೀಳುತ್ತವೆ. ವಾರಕ್ಕೆ ನಾಲ್ಕೈದರಂತೆ ಹಂಚಿ. ದಸರಾ ವಾರಕ್ಕೆ ಏನೂ ಬೀಳದಿರಲಿ, ಆಯುಧಪೂಜೆಯ ದಿನ ಕಂಪ್ಯೂಟರಿಗೆ ಕುಂಕುಮ ಇಡುವವರು ಸಿಕ್ಕಾರು, ಪುಟ ನೋಡುವವರು ಸಿಗರು. ಆ ಗಡುವಿನ ಪುಟಗಳನ್ನು ಸೆಪ್ಟೆಂಬರ್ ಮೊದಲ ವಾರವೇ ನೋಡಿಬಿಟ್ಟರೆ ಮುಂದಿನ ಎಣಿಕೆ ಅಲ್ಲಿಂದ ಶುರುವಾಗುತ್ತದೆ. ವಿಜಯದಶಮಿ 2024ರಲ್ಲಿ ಅಕ್ಟೋಬರ್ 12ಕ್ಕೆ, 2025ರಲ್ಲಿ ಅಕ್ಟೋಬರ್ 2ಕ್ಕೆ ಬಂದದ್ದು ನೆನಪಿರಲಿ, ಪ್ರತಿ ವರ್ಷ ಪಂಚಾಂಗ ನೋಡಿಯೇ ಹೊಂದಿಸಬೇಕು.

ಪುಟಗಳೆಲ್ಲ ಈಗಾಗಲೇ ನೋಶನ್ ಅನ್ನುವ ಟಿಪ್ಪಣಿ ಆಪ್‌ನಲ್ಲಿದ್ದು, ಪುಟದ ವೆರಿಫಿಕೇಶನ್ ಸಿಗುವಂಥ ಹಣ ಕೊಡುವ ಪ್ಲಾನ್ ಇದ್ದರೆ ಶೀಟಿನ ಗೊಡವೆ ಬೇಡ. ಆ ಸೌಲಭ್ಯದಲ್ಲಿ ಹೊಣೆಗಾರರೂ ಅವಧಿಯೂ ಪುಟದ ಮೇಲೆಯೇ ಇರುತ್ತವೆ, ಮುಗಿದಾಗ ಹೊಣೆಗಾರರಿಗೆ ಸೂಚನೆ ಹೋಗುತ್ತದೆ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಪುಟ ಬರೆಯುವವರಿಗೆ ಬ್ರಿಟನ್ ಸರ್ಕಾರದ ಟೆಕ್ ಡಾಕ್ಸ್ ಟೆಂಪ್ಲೇಟ್ ಇದೆ, ಪುಕ್ಕಟೆ. ಪುಟದ ತಲೆಯಲ್ಲಿ ಕೊನೆಯ ಪರಿಶೀಲನೆಯ ದಿನ, ಅವಧಿ, ಹೊಣೆ ಹೊತ್ತವರ ಸ್ಲ್ಯಾಕ್ (ಆಫೀಸಿನ ಚಾಟ್ ಆಪ್) ವಿಳಾಸ ಬರೆದರೆ ಗಡುವು ಪುಟದ ಮೇಲೆಯೇ ಅಚ್ಚಾಗುತ್ತದೆ. ಚೊಕ್ಕವಾದ ಕೆಲಸ. ಆದರೆ ಕೋಡ್ ಬರೆಯದವರ ಪುಟಗಳೂ ಇದ್ದರೆ ಒಗ್ಗುವುದಿಲ್ಲ, ಎಚ್‌ಆರ್‌ನವರಿಗೆ ಗಿಟ್ ಕಲಿಸಿ ಮುಗಿಸುವ ಹೊತ್ತಿಗೆ ರಜೆ ನಿಯಮವೇ ಬದಲಾಗಿರುತ್ತದೆ.